ಬೇಲಿಗೊಂದು ಸಾಲು ಕವಳಿ

ಪೇಟೆಗೆ ಹೋದವರು ಮಕ್ಕಳಿಗೆಂದು ಬೇಕರಿಯಿಂದ ಒಂದು ತುಂಡು ಕೇಕು ಕಟ್ಟಿಸಿಕೊಂಡು ಬರುವುದುಂಟು. ಅದರ ನೆತ್ತಿಯ ಮೇಲೆ ಕೆಂಪಗೆ ಹೊಳೆಯುವ ಒಂದು ಪುಟ್ಟ ಹಣ್ಣಿರುತ್ತದೆ. ಅದಕ್ಕೆ ‘ಚೆರ್ರಿ’ ಎಂದು ಹೆಸರು. ಬೀಡಾ ಅಂಗಡಿಯವನು ಸಿಹಿ ಬೀಡಾಕ್ಕೆ ಕಡ್ಡಿಯಲ್ಲಿ ಚುಚ್ಚಿ ಇಡುವುದೂ ಅದನ್ನೇ. ನಿಜವಾದ ಚೆರ್ರಿ ಕಾಶ್ಮೀರ, ಹಿಮಾಚಲಗಳಂಥ ಚಳಿ ಸೀಮೆಯ ಬೆಳೆ. ಅದನ್ನು ಹಾಕಿದರೆ ಕೇಕು ಆ ಬೆಲೆಗೆ ಸಿಗುವ ಹಾಗಿಲ್ಲ. ನಮ್ಮ ಬೇಕರಿಗಳಲ್ಲಿ ಆ ಹೆಸರಿನಿಂದ ಮಾರುವುದರಲ್ಲಿ ಬಹಳಷ್ಟು, ಬೀಜ ತೆಗೆದು ಸಕ್ಕರೆ ಪಾಕದಲ್ಲಿ ನೆನೆಸಿ ಕೆಂಪು ಬಣ್ಣ ಕಟ್ಟಿದ ಕವಳಿ ಕಾಯಿ. ಘಟ್ಟದ ಕೆಳಗಿನವರು ಕರಂಡೆ ಎನ್ನುವ, ನಮ್ಮ ಮಲೆನಾಡಿನಲ್ಲಿ ಕವಳಿ ಅಥವಾ ಕೌಳಿ ಎನ್ನುವ ಅದೇ ಮುಳ್ಳಿನ ಗಿಡದ ಕಾಯಿ. ಬೆಟ್ಟದಲ್ಲಿ ಪುಕ್ಕಟೆ ಸಿಗುತ್ತಿದ್ದುದನ್ನು ಬಣ್ಣ ಹಚ್ಚಿಸಿಕೊಂಡು ದುಡ್ಡು ಕೊಟ್ಟು ತರುವ ಕಾಲ ಬಂದಿದೆ.

ಇದನ್ನು ಬರೆಯುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ತೋಟದ ಮೇಲ್ಬದಿಯ ಧರೆಯ ಮೇಲೆ ಅಜ್ಜನ ಕಾಲದ ಕವಳಿ ಸಾಲೊಂದಿತ್ತು. ದನ ನುಗ್ಗದಂತೆ ಬೇಲಿಗೆಂದು ಹಾಕಿದ್ದು. 2009ರಲ್ಲಿ ಅಡಿಕೆ ಸಸಿ ಇಡಲು ಜಾಗ ಅಗಲ ಮಾಡಬೇಕೆಂದು ಜೆಸಿಬಿ ತರಿಸಿ, ಅರ್ಧ ದಿನದಲ್ಲಿ ಆ ಸಾಲನ್ನೆಲ್ಲ ಕೀಳಿಸಿ, ತಂತಿಬೇಲಿ ಎಳೆಸಿದೆ. ಖರ್ಚು ಎಷ್ಟಾಯಿತೆಂದು ಲೆಕ್ಕ ಬರೆದಿಟ್ಟಿದ್ದೇನೆ. ಏನು ಹೋಯಿತೆಂದು ಆಗ ಬರೆಯಲಿಲ್ಲ. ಮರುವರ್ಷ ಏಪ್ರಿಲಿನಲ್ಲಿ ತಾಯಿಯವರು ಉಪ್ಪಿನ ಭರಣಿ ತೊಳೆದು ಬಿಸಿಲಿಗಿಟ್ಟು, ಕಾಯಿ ತರಲು ಯಾರನ್ನಾದರೂ ಕಳಿಸು ಎಂದರು. ಎಲ್ಲಿಗೆ ಕಳಿಸುವುದು? ಮೇಲಿನ ಬೆಟ್ಟದಲ್ಲಿ ನೋಡಿದರೆ ಅಕೇಶಿಯಾ. ಆಚೆ ಕಡೆ ಹೊಸದಾಗಿ ರಬ್ಬರ್. ಭರಣಿ ಆ ವರ್ಷ ಹಾಗೆಯೇ ಅಟ್ಟ ಸೇರಿತು. ತಾಯಿಯವರು ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ನಮ್ಮಂಥ ಸಣ್ಣ ಹಿಡುವಳಿದಾರರ ಮನೆಗಳಿಗೆ ಕಾಡುಹಣ್ಣು ಬರುತ್ತಿದ್ದುದು ತೋಟದಿಂದಲ್ಲ, ತೋಟದ ಮಗ್ಗುಲಿನ ಜಾಗದಿಂದ. ಸೊಪ್ಪಿನ ಬೆಟ್ಟ, ಕಾನಿನ ಅಂಚು, ಗದ್ದೆಯ ಮೇಲಿನ ಧರೆ, ದನ ಹೋಗುವ ಓಣಿ, ಇವೆಲ್ಲ ಯಾರೂ ಬೆಳೆಸದೆ ಬೆಳೆದ ಹಣ್ಣಿನ ತೋಟಗಳು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದು ಸೊಪ್ಪು ತರಗೆಲೆಗಳಿಗಾಗಿ. ಆದರೆ ಹೆಂಗಸರು ಮಕ್ಕಳು ಅಲ್ಲಿಂದ ತರುತ್ತಿದ್ದುದು ಸೊಪ್ಪೊಂದನ್ನೇ ಅಲ್ಲ. ಈಗ ಆ ಜಾಗಗಳು ಒಂದೊಂದಾಗಿ ತೋಟವೇ ಆಗುತ್ತಿವೆ. ಅದನ್ನು ತಪ್ಪೆಂದು ಸಾರುವುದು ಈ ಲೇಖನದ ಉದ್ದೇಶವಲ್ಲ. ಅಡಿಕೆಗೆ ಬೆಲೆಯಿರುವಾಗ ಸಸಿ ಇಡಬೇಡಿ ಎಂದರೆ ಯಾರೂ ಕೇಳರು, ನಾನೂ ಕೇಳಲಿಲ್ಲ. ಬೆಟ್ಟದಲ್ಲಿ ಹೋದದ್ದನ್ನು ಮನೆಯ ಬೇಲಿಗಾದರೂ ತಂದುಕೊಳ್ಳಬಹುದಲ್ಲ ಎಂಬುದಷ್ಟೇ ನನ್ನ ಸೂಚನೆ. ಕಾಫಿಯೂ ಹಣ್ಣು ಬಿಡುವ ಪೊದೆಯೇ ತಾನೆ. ಪೊದೆ ಸಾಕುವ ವಿದ್ಯೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಗಿಡದ ಸ್ವಭಾವ

ಕವಳಿ ಕಣಗಿಲೆಯ ಕುಟುಂಬಕ್ಕೆ ಸೇರಿದ ಗಿಡ. ಶಾಸ್ತ್ರೀಯ ಹೆಸರು ಕ್ಯಾರಿಸ್ಸಾ ಕರಂಡಾಸ್. ಎಲೆ ಕಿತ್ತರೂ ಕಾಯಿ ಕಿತ್ತರೂ ಬಿಳಿಯ ಹಾಲು ಒಸರುತ್ತದೆ. ಗೆಣ್ಣಿಗೆ ಜೋಡಿಯಾಗಿ ಗಟ್ಟಿ ಮುಳ್ಳು. ಬೇಸಿಗೆಯ ಆರಂಭದಲ್ಲಿ ಮಲ್ಲಿಗೆಯನ್ನು ಹೋಲುವ ಬಿಳಿ ಹೂ ಗೊಂಚಲು, ಘಮವೂ ಹಾಗೆಯೇ. ಏಪ್ರಿಲ್ ಹೊತ್ತಿಗೆ ಉಪ್ಪಿನಕಾಯಿಗೆ ಬರುವ ಎಳೆಕಾಯಿ, ಮೇ ತಿಂಗಳಿಂದ ಮಳೆ ಹಿಡಿಯುವ ತನಕ ಹಣ್ಣು. ಕಾಯಿ ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗಿದ ಮೇಲೆ ಮಾತ್ರ ಬಾಯಿಗೆ ಹಿತ. ಇದೇ ಕುಲದ ಇನ್ನೊಂದು ಸಣ್ಣ ಕವಳಿಯೂ ಒಣಬೆಟ್ಟಗಳಲ್ಲಿ ಇದೆ. ಅದರ ಹಣ್ಣು ಬಟಾಣಿಯಷ್ಟು, ಸಿಹಿ ಹೆಚ್ಚು, ಆದರೆ ಭರಣಿ ತುಂಬುವುದಿಲ್ಲ. ಬೇಲಿಗೆ ನೆಡುವವರು ದೊಡ್ಡ ಕಾಯಿಯದನ್ನೇ ಆರಿಸಿಕೊಳ್ಳಬೇಕು.

ಜಾಗದ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ನೀರು ಗೊಬ್ಬರ ಚೆನ್ನಾಗಿ ಸಿಗಲೆಂದು ಗಿಡವನ್ನು ತೋಟದ ಒಳಕ್ಕೆ ತಂದು ಅಡಿಕೆಯ ನೆರಳಿನಲ್ಲಿ ಇಡುತ್ತಾರೆ. ಅಲ್ಲಿ ಗಿಡ ಸಾಯುವುದಿಲ್ಲ, ಉದ್ದುದ್ದ ಬಳ್ಳಿಯಂತೆ ಬೆಳೆಯುತ್ತದೆ, ಕಾಯಿ ಮಾತ್ರ ಇಲ್ಲ. ಕವಳಿಗೆ ಬೇಕಾದದ್ದು ಬಿಸಿಲು, ಮತ್ತು ನೀರು ನಿಲ್ಲದ ನೆಲ. ಜಂಬಿಟ್ಟಿಗೆ ಗಟ್ಟಿಯಿರುವ, ಬೇರೇನೂ ಬಾರದ ಧರೆಯ ತಲೆಯೇ ಅದಕ್ಕೆ ಸರಿಯಾದ ಸ್ಥಳ. ಕಾಫಿ ತೋಟದವರು ರಸ್ತೆ ಬದಿಯ ಅಂಚು, ಕಣದ ಸುತ್ತ, ಪಲ್ಪರ್ ಮನೆಯ ಹಿಂದಿನ ಬಿಸಿಲು ಜಾಗಗಳನ್ನು ನೋಡಬಹುದು. ಅಡಿಕೆ ತೋಟದ ಬಸಿಗಾಲುವೆಯ ಪಕ್ಕ ಖಂಡಿತ ಬೇಡ.

ಬೀಜ, ಗೂಟಿ ಮತ್ತು ನಾನು ಕಳೆದುಕೊಂಡ ಒಂದು ವರ್ಷ

ಸಾಲು ಕಿತ್ತ ಎರಡನೆಯ ವರ್ಷ ಪುನಃ ಹಾಕಬೇಕೆಂದು ನಿಶ್ಚಯಿಸಿದೆ. ದೂರದ ನೆಂಟರ ಮನೆಯಿಂದ ಹಣ್ಣು ತಂದು, ಬೀಜ ತೊಳೆದು, ಒಣಗಿಸಿ, ಡಬ್ಬದಲ್ಲಿಟ್ಟು, ಕೆಲಸವೆಲ್ಲ ಮುಗಿದ ಮೇಲೆ ನಿಧಾನವಾಗಿ ಬಿತ್ತೋಣವೆಂದು ಮಾರ್ಚ್ ತನಕ ಕಾದೆ. ಇನ್ನೂರು ಬೀಜದಲ್ಲಿ ಒಂದೂ ಮೊಳೆಯಲಿಲ್ಲ. ಕವಳಿ ಬೀಜಕ್ಕೆ ಆಯುಷ್ಯ ಕಡಿಮೆ. ಹಣ್ಣಿನಿಂದ ತೆಗೆದ ಬೀಜವನ್ನು ಬೂದಿಯಲ್ಲಿ ಉಜ್ಜಿ ಲೋಳೆ ಬಿಡಿಸಿ, ನೆರಳಿನಲ್ಲಿ ಒಂದೆರಡು ದಿನ ಆರಿಸಿ ಕೂಡಲೇ ಬಿತ್ತತಕ್ಕದ್ದು. ಜೂನ್ ತಿಂಗಳಲ್ಲಿ ಹಾಕಿದರೆ ಸಸಿ ಬರುತ್ತದೆ. ಮಳೆಯ ಹೊಡೆತಕ್ಕೆ ಬೀಜ ಎದ್ದು ಹೋಗದಂತೆ ಮಾಡಿನ ಕೆಳಗೆ ಮಡಿ ಮಾಡಿಕೊಂಡರೆ ಒಳ್ಳೆಯದು. ನಾಲ್ಕೆಲೆ ಬಂದ ಮೇಲೆ ಕಾಫಿ ಸಸಿಯ ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ವರ್ಗಾಯಿಸಿ, ಒಂದು ವರ್ಷ ಸಾಕಿ, ಮುಂದಿನ ಮಳೆಗಾಲದ ಮೊದಲಿಗೆ ನೆಡುವುದು. ಅಲ್ಲಿಂದ ಮೂರನೆಯ ವರ್ಷದ ಹೊತ್ತಿಗೆ ಕಾಯಿ ನೋಡಬಹುದು.

ಬೀಜದ ಗಿಡಗಳಲ್ಲಿ ಒಂದರಂತೆ ಒಂದು ಇರುವುದಿಲ್ಲ. ಒಂದರ ಕಾಯಿ ದಪ್ಪ, ಇನ್ನೊಂದರದು ಗೋಲಿಗಿಂತ ಸಣ್ಣದು. ಬೇಲಿಗಾದರೆ ಇದೇನೂ ಕೊರತೆಯಲ್ಲ. ಒಳ್ಳೆಯ ತಾಯಿಗಿಡದ ಗುಣವೇ ಬೇಕೆಂದರೆ ಗೂಟಿ ಕಟ್ಟಬೇಕು. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಗೆಲ್ಲಿನ ತೊಗಟೆಯನ್ನು ಒಂದಂಗುಲ ಉಂಗುರದಂತೆ ತೆಗೆದು, ಹಾಲು ಒರೆಸಿ, ಒದ್ದೆ ಪಾಚಿ ಇಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಯಾಗಿ ಕಟ್ಟಿದರೆ ಬೇರು ಬರುತ್ತದೆ. ಬಲಿತ ಕಡ್ಡಿಯನ್ನು ನೆಟ್ಟೂ ನೋಡಬಹುದು, ನನ್ನ ಅನುಭವದಲ್ಲಿ ಹತ್ತರಲ್ಲಿ ಎರಡು ಮೂರು ಹತ್ತಿದರೆ ಹೆಚ್ಚು.

ಹೆಸರಿನ ತಳಿಗಳೂ ಇವೆ. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ. ನಮ್ಮ ಹವೆಗೆ ಹತ್ತಿರದ ದಾಪೋಲಿಯ ಕೊಂಕಣ ಬೋಲ್ಡ್. ನಾನೂ ಒಮ್ಮೆ ಒಂದು ನರ್ಸರಿಯಿಂದ ‘ದೊಡ್ಡ ಕಾಯಿಯ ಜಾತಿ’ ಎಂದು ಆರು ಗಿಡ ತಂದೆ. ನಾಲ್ಕು ವರ್ಷದ ಮೇಲೆ ಬಿಟ್ಟ ಕಾಯಿ ನೋಡಿದರೆ ನಮ್ಮ ಬೆಟ್ಟದ್ದಕ್ಕಿಂತ ಸಣ್ಣದು. ಕಾಯಿ ಕಣ್ಣಾರೆ ಕಂಡ ಗಿಡದಿಂದಲೇ ಗೂಟಿ ಮಾಡಿಕೊಳ್ಳುವುದು ಕ್ಷೇಮ.

ಬೇಲಿಗೆ ಮೂರು ಅಡಿಗೊಂದು ಗಿಡ ಸಾಕು. ನೂರು ಅಡಿಗೆ ಮೂವತ್ತನಾಲ್ಕು ಗಿಡ ಎಂದು ಲೆಕ್ಕ ಹಾಕಿಕೊಳ್ಳಿ. ಹಣ್ಣಿಗೆಂದೇ ಬಿಡಿಬಿಡಿಯಾಗಿ ನೆಡುವವರು ಎಂಟಡಿ ಅಂತರ ಕೊಡಬೇಕು. ಗುಂಡಿಗೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಮೊದಲೆರಡು ಬೇಸಿಗೆ ವಾರಕ್ಕೊಮ್ಮೆ ನೀರು, ಬುಡಕ್ಕೆ ಅಡಿಕೆ ಸಿಪ್ಪೆಯ ಮುಚ್ಚಿಗೆ, ಇಷ್ಟೇ ಆರೈಕೆ. ಅಡಿಕೆಗೆ ಉಳಿದ ಯೂರಿಯಾವನ್ನು ಇದಕ್ಕೂ ಎರಚುವ ಅಭ್ಯಾಸ ಬೇಡ. ಸೊಪ್ಪು ಉಕ್ಕುತ್ತದೆ, ಕಾಯಿ ಕಡಿಮೆಯಾಗುತ್ತದೆ.

ಸವರುವ ಕಾಲವನ್ನು ಮಾತ್ರ ಗಟ್ಟಿಯಾಗಿ ನೆನಪಿಡಬೇಕು. ಕವಳಿ ಹೂ ಬಿಡುವುದು ಗೆಲ್ಲಿನ ತುದಿಗಳಲ್ಲಿ. ಕೊಯ್ಲಿನ ಸಮಯದಲ್ಲಿ ಆಳುಗಳು ಬಂದಿದ್ದಾರೆಂದು ಡಿಸೆಂಬರ್ ಜನವರಿಯಲ್ಲಿ ಬೇಲಿ ಸವರಿಸಿದರೆ ಆ ವರ್ಷದ ಕಾಯಿಯನ್ನು ಕತ್ತಿಗೆ ಕೊಟ್ಟ ಹಾಗೆ. ಹಣ್ಣು ಮುಗಿದು ಮಳೆ ಹಿಡಿದ ಕೂಡಲೇ ಸವರಿಬಿಡಬೇಕು. ‘ನಮ್ಮ ಕವಳಿ ಗೊಡ್ಡು ಬಿದ್ದಿದೆ’ ಎಂದು ದೂರುವವರ ಬೇಲಿಯನ್ನು ನೋಡಿದರೆ ಹೆಚ್ಚಿನವು ನೀಟಾಗಿ ಚೌಕಾಕಾರ ಕತ್ತರಿಸಿದ ಬೇಲಿಗಳೇ.

ಬೇಲಿಯಾಗಿ ಇದರ ಯೋಗ್ಯತೆ ಎಷ್ಟು ಎಂಬುದನ್ನೂ ಹೇಳಿಬಿಡುತ್ತೇನೆ. ನಾಲ್ಕೈದು ವರ್ಷದ ಸಾಲು ದನಕರುಗಳನ್ನು ಚೆನ್ನಾಗಿ ತಡೆಯುತ್ತದೆ. ಬುಡದಲ್ಲಿ ಸಂದು ಉಳಿದರೆ ಹಂದಿಗೆ ತಡೆಯಿಲ್ಲ. ಮಂಗಕ್ಕಂತೂ ಯಾವ ಬೇಲಿಯೂ ಬೇಲಿಯಲ್ಲ. ಆನೆ ಬರುವ ಊರಿನವರಿಗೆ ಈ ಪ್ಯಾರಾ ಅನ್ವಯಿಸುವುದಿಲ್ಲ.

ಅಡಿಗೆಮನೆಯ ಲೆಕ್ಕ

ಎಳೆಕಾಯಿ ಕೊಯ್ಯುವಾಗ ಹಾಲಿನ ಅಂಟು ಕೈಗೆ ಹತ್ತುತ್ತದೆ. ಮೊದಲೇ ಕೈಗೆ ತೆಂಗಿನೆಣ್ಣೆ ಸವರಿಕೊಂಡರೆ ತೊಂದರೆಯಿಲ್ಲ. ಕೊಯ್ದ ಕಾಯಿಯ ತೊಟ್ಟು ಬಿಡಿಸಿ ಉಪ್ಪುನೀರಿನಲ್ಲಿ ಒಂದು ತಾಸು ಬಿಟ್ಟರೆ ಹಾಲು ಇಳಿಯುತ್ತದೆ. ಮತ್ತೆ ಒಳ್ಳೆಯ ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ ನೀರಿನ ಪಸೆ ಪೂರ್ತಿ ಆರಿಸಬೇಕು. ಸಿಪ್ಪೆ ಬಿಗಿಯಾದ್ದರಿಂದ ಪ್ರತಿ ಕಾಯಿಗೂ ಒಂದು ಸೀಳು ಕೊಡುವುದು ನಮ್ಮ ಮನೆಯ ಪದ್ಧತಿ, ಉಪ್ಪು ಬೇಗ ಹಿಡಿಯುತ್ತದೆ. ಐದು ಸೇರು ಕಾಯಿಗೆ ಒಂದು ಸೇರು ಹರಳುಪ್ಪು. ಭರಣಿಯಲ್ಲಿ ಪದರ ಪದರವಾಗಿ ಹಾಕಿ ಮೇಲೆ ಕಲ್ಲಿನ ಭಾರ ಇಟ್ಟರೆ ವಾರದೊಳಗೆ ಕಾಯಿ ಸುಕ್ಕಿ ನೀರು ಬಿಡುತ್ತದೆ. ಆ ಉಪ್ಪುನೀರನ್ನು ಸೋಸಿ, ಕುದಿಸಿ, ಆರಿಸಿ, ಅದರಲ್ಲಿಯೇ ಸಾಸಿವೆ, ಮೆಣಸು, ಅರಿಸಿನ ಅರೆದು ಹಾಕುವುದು. ಮಾವಿನ ಮಿಡಿಗೆ ಮಾಡುವ ಹಾಗೆಯೇ. ಮಿಡಿ ಸಿಗದ ವರ್ಷಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಮಾವು ಒಂದು ವರ್ಷ ಬಿಟ್ಟರೆ ಒಂದು ವರ್ಷ ಇಲ್ಲ. ಕವಳಿ ಹಾಗೆ ಕೈಕೊಟ್ಟಿದ್ದನ್ನು ನಾನು ಕಂಡಿಲ್ಲ.

ಉಪ್ಪಿನಕಾಯಿಗೆ ಮೀರಿದ ಎಳೆಕಾಯಿಯನ್ನು ಹುಣಿಸೆಯ ಬದಲು ಬೇಳೆಸಾರಿಗೆ ಹಾಕಬಹುದು, ಚಟ್ನಿ ಅರೆಯಬಹುದು. ಹಣ್ಣಿನ ಬಳಕೆ ನಮ್ಮಲ್ಲಿ ಕಡಿಮೆ. ಇದು ದೊಡ್ಡ ನಷ್ಟ. ಕವಳಿಯಲ್ಲಿ ಪೆಕ್ಟಿನ್ ಎಂಬ, ಪಾಕವನ್ನು ಮುದ್ದೆಗಟ್ಟಿಸುವ ಅಂಶ ಧಾರಾಳವಾಗಿದೆ. ಹಾಗಾಗಿ ಪೇಟೆಯಿಂದ ಯಾವ ಪುಡಿಯನ್ನೂ ತರದೆ ಜೆಲ್ಲಿ ಮಾಡಬಹುದು. ಎರಡು ಪಾಲು ಕಪ್ಪಾದ ಹಣ್ಣು, ಒಂದು ಪಾಲು ಇನ್ನೂ ಕೆಂಪಿರುವ ದೋರೆ. ಕೆಂಪಿನಲ್ಲಿಯೇ ಪೆಕ್ಟಿನ್ ಹೆಚ್ಚಾದ್ದರಿಂದ ಅದನ್ನು ಬಿಡಕೂಡದು. ಮುಳುಗುವಷ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಬೇಕು. ಹಿಂಡಿದರೆ ರಸ ಕದಡುತ್ತದೆ. ಇಳಿದ ರಸದಷ್ಟೇ ಸಕ್ಕರೆ ಸೇರಿಸಿ ಕುದಿಸಿ, ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು ಬೆರಳಿನಿಂದ ತಳ್ಳಿದಾಗ ಸುಕ್ಕು ಕಟ್ಟಿದರೆ ಪಾಕ ಬಂತೆಂದು ಅರ್ಥ. ಹುಳಿ ತೀಕ್ಷ್ಣವಾದ್ದರಿಂದ ಕಲಾಯಿ ಹೋದ ತಾಮ್ರ ಹಿತ್ತಾಳೆ ಪಾತ್ರೆಗಳೂ ಅಲ್ಯೂಮಿನಿಯಂ ಪಾತ್ರೆಗಳೂ ಬೇಡ. ಸ್ಟೀಲು ಆಗಬಹುದು, ಉಪ್ಪಿನಕಾಯಿಗೆ ಕಲ್ಲಿನ ಮರಿಗೆ ಇನ್ನೂ ಲೇಸು. ಜೆಲ್ಲಿಯ ಬಣ್ಣ ನೋಡಿದ ಮೇಲೆ ಬೇಕರಿಯವರು ಬಣ್ಣದ ಪುಡಿ ಏಕೆ ಹಾಕುತ್ತಾರೋ ಎನಿಸುತ್ತದೆ.

ಅಡಿಕೆ ತೋಟಕ್ಕೆ ತಾಗಿದ ಬೇಲಿಯವರಿಗೆ ಒಂದು ಎಚ್ಚರಿಕೆ. ಮಳೆಗೆ ಮುಂಚಿನ ಬೋರ್ಡೋ ಸಿಂಪಡಣೆಯೂ ಕವಳಿ ಹಣ್ಣಾಗುವುದೂ ಒಂದೇ ಸಮಯಕ್ಕೆ ಬರುತ್ತವೆ. ಗಾಳಿಗೆ ತೇಲಿ ಬಂದ ಮೈಲುತುತ್ತದ ನೀರು ಹಣ್ಣಿನ ಮೇಲೆ ನೀಲಿ ಕಲೆಯಾಗಿ ಕೂತಿರುತ್ತದೆ. ಸಿಂಪಡಣೆಗೆ ಮೊದಲೇ ಹಣ್ಣು ಕೊಯ್ದು ಮುಗಿಸಬೇಕು, ಆಮೇಲೆ ಉಳಿದದ್ದನ್ನು ಹಕ್ಕಿಗೆ ಬಿಟ್ಟುಬಿಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ.

ಮಾರಿ ಹಣ ಮಾಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಉತ್ಸಾಹದ್ದಲ್ಲ. ಚೆನ್ನಾಗಿ ಬೆಳೆದ ನಮ್ಮ ಗಿಡವೊಂದರಿಂದ ನಾಲ್ಕೈದು ಕಿಲೋ ಕಾಯಿ ಸಿಗುತ್ತದೆ. ಆದರೆ ಮುಳ್ಳಿನ ನಡುವೆ ಕೈಹಾಕಿ ಬಿಡಿಸುವ ಕೆಲಸ ನಿಧಾನದ್ದು. ಕೂಲಿ ಕೊಟ್ಟು ಕೊಯ್ಯಿಸಿದರೆ ಲೆಕ್ಕ ಕೂಡುವುದಿಲ್ಲ. ಮನೆಯವರೇ ಕೊಯ್ದು, ಉಪ್ಪಿನಲ್ಲಿ ಹಾಕಿ, ಉಪ್ಪಿನಕಾಯಿಯಾಗಿ ಮಾರಿದರೆ ಮಾತ್ರ ಏನಾದರೂ ಕೈಗೆ ಹತ್ತೀತು. ಕಾಫಿ ಕೊಯ್ಲೂ ಅಡಿಕೆ ಸುಲಿಯುವುದೂ ಮುಗಿದು ಮಳೆ ಇನ್ನೂ ಬಾರದ ಬಿಡುವಿನಲ್ಲಿ ಇದು ಬರುತ್ತದೆ ಎಂಬುದೊಂದು ಅನುಕೂಲ.

ಬೇರೆ ಪೊದೆಗಳು

ಕವಳಿಯ ಜೊತೆಗೆ ಎರಡು ಮೂರನ್ನು ಸೇರಿಸಿಕೊಳ್ಳಬಹುದು. ಕೇಪಳವನ್ನು ಹೂವಿಗಾಗಿ ಎಲ್ಲರೂ ಬಲ್ಲರು. ಅದರ ಕೆಂಪು ಹಣ್ಣನ್ನು ಮಕ್ಕಳು ತಿನ್ನುತ್ತಾರೆ, ಹೂವಿನ ತಂಬುಳಿ ಹಿರಿಯರಿಗೆ. ಅರೆನೆರಳಿಗೂ ಒಗ್ಗುತ್ತದೆ. ಕುಂಟುನೇರಳೆ ಬೇಲಿಯ ಮೂಲೆಗೊಂದು ಇರಲಿ, ಗಿಡ್ಡ ಮರವಾಗಿ ನಿಲ್ಲುತ್ತದೆ. ಸಂಪಿಗೆ ಹಣ್ಣಿನ ಗಿಡವನ್ನು (ಹೂವಿನ ಸಂಪಿಗೆಯಲ್ಲ, ಕಾಂಡದಲ್ಲಿ ಮುಳ್ಳಿರುವ, ಕೆಂಪು ಹುಳಿಹಣ್ಣಿನದು) ಒಂದೇ ಒಂದು ನೆಟ್ಟು ಕಾಯುವವರುಂಟು. ಅದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕಡಿಮೆಯೆಂದರೆ ನಾಲ್ಕೈದು ಸಸಿ ಇಟ್ಟರೆ ಭರವಸೆ. ನೆಕ್ಕರಿಕದ ಹಣ್ಣು ತಿಂದರೆ ನಾಲಗೆ ಕಪ್ಪಾಗುತ್ತದೆ. ಅದರ ಶಾಸ್ತ್ರೀಯ ಹೆಸರಾದ ಮೆಲಾಸ್ಟೋಮ ಎಂದರೆ ಗ್ರೀಕ್ ಭಾಷೆಯಲ್ಲಿ ಕಪ್ಪು ಬಾಯಿ ಎಂದೇ ಅರ್ಥವಂತೆ. ನಮ್ಮ ಶಾಲೆಯ ಮೇಷ್ಟರು ತಡವಾಗಿ ಬಂದವರ ನಾಲಗೆ ನೋಡಿಯೇ ದಾರಿಯಲ್ಲಿ ಎಲ್ಲಿ ನಿಂತಿದ್ದರೆಂದು ಹೇಳಿಬಿಡುತ್ತಿದ್ದರು.

ಹೊರಗಿನಿಂದ ಬಂದವುಗಳಲ್ಲಿ ವೆಸ್ಟ್ ಇಂಡಿಯನ್ ಚೆರ್ರಿಯನ್ನು ಧೈರ್ಯವಾಗಿ ನೆಡಬಹುದು. ಸಿ ಜೀವಸತ್ವದಲ್ಲಿ ನೆಲ್ಲಿಯನ್ನೂ ಮೀರಿಸಬಲ್ಲ ಹಣ್ಣು, ಗೂಟಿಯಿಂದ ಸುಲಭವಾಗಿ ಬರುತ್ತದೆ. ಸುರಿನಾಮ್ ಚೆರ್ರಿ ಎಂಬ, ಕುಂಬಳದಂತೆ ಏಣುಗಳಿರುವ ಹಣ್ಣಿನ ಪೊದೆ ಮತ್ತು ಸಣ್ಣ ಕೆಂಪು ಹಣ್ಣಿನ ಸ್ಟ್ರಾಬೆರಿ ಪೇರಲೆ, ಇವೆರಡರ ವಿಷಯದಲ್ಲಿ ನನಗೆ ಅಳುಕಿದೆ. ಮೊದಲನೆಯದು ಅಮೆರಿಕದ ಫ್ಲಾರಿಡಾದಲ್ಲಿಯೂ ಎರಡನೆಯದು ಹವಾಯಿ ಮತ್ತು ಮಾರಿಷಸ್ ದ್ವೀಪಗಳಲ್ಲಿಯೂ ಹಕ್ಕಿಗಳ ಮೂಲಕ ಕಾಡು ಸೇರಿ ಅಲ್ಲಿನ ಗಿಡಗಳನ್ನು ಒತ್ತರಿಸಿವೆ. ನಾವು ಇಂದಿಗೂ ಕಡಿದು ಸುಸ್ತಾಗುವ ಲಂಟಾನ ಈ ದೇಶಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಕಲ್ಕತ್ತೆಯ ಸಸ್ಯೋದ್ಯಾನಕ್ಕೆ, ಅಂದದ ಹೂವೆಂದು. ಬೆಟ್ಟದ ಅಂಚಿನ ಮನೆಯವರು ಇಂಥವನ್ನು ನೆಡದಿರುವುದೇ ಒಳ್ಳೆಯದು. ನೆಟ್ಟಿದ್ದರೆ ಹಣ್ಣನ್ನು ಗಿಡದಲ್ಲಿ ಬಿಡಬೇಡಿ. ನೆಲಕ್ಕೆ ಬಿದ್ದದ್ದರಲ್ಲಿ ಹಣ್ಣುನೊಣವೂ ಮರಿಮಾಡುತ್ತದೆ.

ಇನ್ನೊಂದು ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕವಳಿಯ ಹಾಲಿಗೆ ಹೆದರಬೇಕಾಗಿಲ್ಲವೆಂದು ಕಲಿತ ಮಗು ಹಾಲು ಬರುವ ಕಾಯಿಯೆಲ್ಲ ತಿನ್ನಬಹುದೆಂದು ತಿಳಿಯುವ ಅಪಾಯವಿದೆ. ಅದೇ ಕುಟುಂಬದ ಕಣಗಿಲೆಯೂ ಹಳದಿ ಹೂವಿನ ಕರವೀರದ ಕಾಯಿಯೂ ಪ್ರಾಣಕ್ಕೆ ಎರವಾಗುವ ವಿಷ. ಹಿಂದೆ ಮಕ್ಕಳು ಅಕ್ಕಂದಿರ ಜೊತೆ ಬೆಟ್ಟ ತಿರುಗಿ ಯಾವುದು ತಿನ್ನುವುದು, ಯಾವುದು ಬಿಡುವುದು ಎಂದು ತಾವೇ ಕಲಿಯುತ್ತಿದ್ದರು. ಈಗ ಬೇಸಿಗೆ ರಜೆಗೆ ನಾಲ್ಕು ದಿನ ಬರುವ ಮಕ್ಕಳಿಗೆ ಆ ಕಲಿಕೆ ಇಲ್ಲ. ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, ಜೋಡಿಮುಳ್ಳು ತೋರಿಸಿ, ಹೆಸರು ಹೇಳಿಕೊಡುವ ಕೆಲಸ ದೊಡ್ಡವರದೇ. ಕರವೀರವನ್ನು ಮಾತ್ರ ಕವಳಿಯ ಸಾಲಿನಲ್ಲಿ ಎಂದೂ ಬೆರೆಸಿ ನೆಡಬಾರದು.

ನಾನು 2012ರಲ್ಲಿ ಪುನಃ ಹಾಕಿದ ಸಾಲು ತಂತಿಬೇಲಿಯ ಹೊರಗಡೆ ಈಗ ಎದೆಯೆತ್ತರ ನಿಂತಿದೆ. ಕಂಬಗಳು ತುಕ್ಕು ಹಿಡಿಯುತ್ತಿವೆ. ಭರಣಿ ಅಟ್ಟದಿಂದ ಇಳಿದದ್ದು 2016ರ ಬೇಸಿಗೆಯಲ್ಲಿ. ತಾಯಿಯವರು ಕೂತು ಸೀಳು ಹಾಕಿದರು, ಉಪ್ಪಿನ ಅಳತೆಯನ್ನು ಸೊಸೆಗೆ ಹೇಳಿಕೊಟ್ಟರು. ಮೇಲೆ ಬರೆದದ್ದು ಆ ಅಳತೆಯೇ.

ಬೀಜ ಬೇಕಾದ ಸದಸ್ಯರು ಮೇ ತಿಂಗಳ ಕೊನೆಯೊಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಹಣ್ಣನ್ನೇ ತಂದುಕೊಡುತ್ತೇನೆ. ತೆಗೆದುಕೊಂಡು ಹೋದವರು ಅದನ್ನು ವಾರದೊಳಗೆ ಬಿತ್ತಬೇಕು, ಡಬ್ಬದಲ್ಲಿ ಇಡಕೂಡದು.